ಸಹಾಯಕಿಯ ಕಣ್ತಪ್ಪು

ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆ ಗಿಣಿಯ ಮಟ್ಟಿಗೆ ಅತ್ತಿಗೆಯ ವಾಸನೆ. ಅಣ್ಣನ ಮದುವೆಯಾದಾಗ ಅವಳಿಗೆ ಹತ್ತು ವರ್ಷ, ತಾಯಿ ಇರಲಿಲ್ಲ. ದರ್ಜಿಯ ಮಗಳಾದ ಅತ್ತಿಗೆ ಮನೆಗೆ ಬಂದ ಮೂರನೆಯ ಬೆಳಗ್ಗೆಯೇ ನಾದಿನಿಯ ಶಾಲೆಯ ಅಂಗಿಗೆ ನೀರು ಚಿಮುಕಿಸಿ ಇಸ್ತ್ರಿ ಮಾಡಿದರು. ಅದರ ಬಿಸಿ ಆರುವ ಮೊದಲೇ ತೊಡಿಸಿ, "ಚಳಿ ಹೋಯ್ತಾ?" ಎಂದು ಕೇಳಿದರು. ಬಾಯಿ ಮುಚ್ಚದೆ ವಟಗುಟ್ಟುತ್ತಿದ್ದ ಹುಡುಗಿಗೆ ಗಿಣಿ ಎಂದು ಹೆಸರಿಟ್ಟವರೂ ಅವರೇ. ಗಿಣಿಗೆ ಈಗ ಅರವತ್ತೆಂಟು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾಗಿದ್ದಾಳೆ. ಆ ಹೆಸರಿನಿಂದ ಕರೆಯುವವರು ಅತ್ತಿಗೆ ಒಬ್ಬರೇ ಉಳಿದಿದ್ದಾರೆ.

ಅತ್ತಿಗೆಯ ಎರಡು ಕೋಣೆಯ ಮನೆ ಒಂದು ಲಾಂಡ್ರಿಯ ಮೇಲಿದೆ. ಬೆಳಗ್ಗೆ ಹನ್ನೊಂದಕ್ಕೆ ಆ ಮೆಟ್ಟಿಲು ಹತ್ತುವಾಗ ಗಿಣಿಯ ಕೈಚೀಲದಲ್ಲಿ ಆರು ಸಾಲು ಬರೆದ ಒಂದು ಹಾಳೆ ಇತ್ತು. ಅದು ಮಧ್ಯಾಹ್ನದೊಳಗೆ ಪತ್ರಿಕೆಯ ಕಚೇರಿಗೆ ಹೋಗಬೇಕಿತ್ತು. ಅದಕ್ಕೂ ಮುಂಚೆ ಅತ್ತಿಗೆ ಓದಬೇಕಿತ್ತು. ಹದಿನೆಂಟು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಅವಳು ಕೊನೆಗೂ ಕಾಗದಕ್ಕೆ ಇಳಿಸಿದ್ದಳು.

ಗಿಣಿ ಇಪ್ಪತ್ತೆಂಟು ವರ್ಷ ಒಂದು ಪತ್ರಿಕೆಯ ಭಾನುವಾರದ ಪುಟಕ್ಕೆ ಪದಬಂಧ ಕೊಡುತ್ತಿದ್ದಳು. ಏಳು ಇಂಗ್ಲಿಷ್ ಅಕ್ಷರ ಕೊಟ್ಟು, ಒಂದು ಪದದಲ್ಲಿ ಒಂದು ಅಕ್ಷರವನ್ನು ಒಂದೇ ಸಲ ಬಳಸಿ ಎಷ್ಟು ಪದ ಮಾಡಬಲ್ಲಿರಿ ಎಂದು ಕೇಳುವುದು. ಕೆಳಗೆ ಒಂದು ಸಂಖ್ಯೆ: ಒಟ್ಟು ಪದಗಳು ಇಷ್ಟು. ಅಕ್ಷರ ಆರಿಸುವುದೇನು ಮಹಾ, ಯಾರು ಬೇಕಾದರೂ ಆರಿಸಬಹುದು. ಮಾನ ಇದ್ದದ್ದು ಆ ಸಂಖ್ಯೆಯಲ್ಲಿ. ಮೂವತ್ತು ಎಂದು ಅಚ್ಚಾಗಿ, ಯಾರೋ ಓದುಗ ಮೂವತ್ತೊಂದನೆಯದನ್ನು ಹುಡುಕಿದನೋ, ಅವನ ಕಾಗದದ ತುಂಬ ಗೆದ್ದ ಹುಮ್ಮಸ್ಸೇ.

ಮೊದಲ ಹತ್ತು ವರ್ಷ ಆ ಸಂಖ್ಯೆ ಒಮ್ಮೆಯೂ ತಪ್ಪಲಿಲ್ಲ. ಗಿಣಿ ಮದುವೆಯಾಗದೆ ಅಣ್ಣ ಅತ್ತಿಗೆಯ ಜೊತೆಯಲ್ಲೇ ಇದ್ದ ದಿನಗಳವು. ಗುರುವಾರ ಸಂಜೆ ಕಾಲೇಜಿನಿಂದ ಬಂದು ಅವಳು ಇಪ್ಪತ್ತೈದು ಪದ ಬರೆದು ಕೈಚೆಲ್ಲಿದರೆ, ಅತ್ತಿಗೆ ಒಲೆ ಆರಿಸಿ ಕೈ ಒರೆಸಿಕೊಂಡು ಬಂದು ಮೇಜಿನ ಮುಂದೆ ಕೂರುತ್ತಿದ್ದರು. ಕೋಟಿನ ದೊಡ್ಡ ಗುಂಡಿಗಳ ಮೇಲೆ ಮಸಿಯಲ್ಲಿ ಒಂದೊಂದು ಅಕ್ಷರ ಬರೆದಿಟ್ಟುಕೊಂಡಿದ್ದರು. ಆ ವಾರದ ಏಳು ಗುಂಡಿ ಹರಡಿ, ಅಕ್ಕಿ ಆರಿಸುವವರಂತೆ ಬೆರಳ ತುದಿಯಿಂದ ಆಚೆ ಈಚೆ ಸರಿಸುವರು. ಓದಿದ್ದು ಹತ್ತನೆಯ ತರಗತಿ. ಇಂಗ್ಲಿಷ್ ಕಲಿತದ್ದು ಹೆಚ್ಚಾಗಿ ತಂದೆಯ ಅಂಗಡಿಯಲ್ಲಿದ್ದ ಹೊಲಿಗೆಯ ಪುಸ್ತಕಗಳಿಂದ.

"ಇದಕ್ಕೆ ಅರ್ಥ ಏನೋ ಗೊತ್ತಿಲ್ಲ ಗಿಣಿ. ಆದ್ರೆ ಎಲ್ಲೋ ನೋಡಿದೀನಿ."

"ನೀವು ನೋಡದೇ ಇರೋದು ಯಾವುದಿದೆ ಹೇಳಿ?"

"ನಿನ್ನ ಮದುವೆ," ಎಂದು ಅತ್ತಿಗೆ ಮುಂದಿನ ಗುಂಡಿ ಸರಿಸುವರು.

ನಿಘಂಟು ತೆಗೆದು ನೋಡಿದರೆ ಪದ ಇರುತ್ತಿತ್ತು. ಹೀಗೆ ವಾರ ವಾರ ಆರೋ ಏಳೋ ಪದ ಹೆಚ್ಚಾಗುತ್ತಿದ್ದವು. ಪತ್ರಿಕೆಯಲ್ಲಿ ಬರುತ್ತಿದ್ದದ್ದು ಗಿಣಿಯ ಹೆಸರು. ಬೇರೆ ರೀತಿ ಇರಬೇಕಿತ್ತು ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಗಿಣಿಗಂತೂ ಹೊಳೆದಿರಲಿಲ್ಲ.

ಆಮೇಲೆ ಬಂತು ಆ ಗುರುವಾರ. ಅಕ್ಷರಗಳು ಪಿ, ಎಲ್, ಎ, ಸಿ, ಕೆ, ಇ, ಟಿ. ಪ್ಯಾಕೆಟ್ ಆಯಿತು, ಪ್ಲೇಟ್ ಆಯಿತು, ಲೇಸ್, ಲೇಕ್, ಟ್ಯಾಕಲ್ ಎಲ್ಲ ಆದವು. ಅತ್ತಿಗೆ ಏಳೂ ಗುಂಡಿಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ ಬೆನ್ನು ನೆಟ್ಟಗೆ ಮಾಡಿದರು.

"ಪ್ಲ್ಯಾಕೆಟ್."

"ಹಾಗಂದ್ರೆ?"

"ಅಂಗಿ ಮುಂದುಗಡೆ ಗುಂಡಿ ಕೂರಿಸೋ ಪಟ್ಟಿ ಇಲ್ವಾ, ಅದು. ನಮ್ಮಪ್ಪ ದಿನಕ್ಕೆ ನೂರು ಸಲ ಹೇಳೋರು."

ಗಿಣಿ ನಕ್ಕಳು. "ಅದು ಅಂಗಡಿ ಇಂಗ್ಲಿಷ್, ಅತ್ತಿಗೆ. ಡಿಕ್ಷನರಿಯಲ್ಲಿ ಇರಲ್ಲ."

"ಒಂದ್ಸಲ ನೋಡೇ."

ಆ ಸಲ ನಿಘಂಟು ಬೀರುವಿನ ಮೇಲಿತ್ತು, ಸ್ಟೂಲು ತರಬೇಕಿತ್ತು. ಪತ್ರಿಕೆಯ ಕಚೇರಿಯಿಂದ ಆಗಲೇ ಎರಡು ಸಲ ಫೋನು ಬಂದಿತ್ತು. ಗಿಣಿ ನೋಡಲಿಲ್ಲ. ಆ ಪದಕ್ಕೆ ಅಡ್ಡಗೆರೆ ಎಳೆದಳು. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಕೆಳಗೆ, 'ಏಳೂ ಅಕ್ಷರ ಬಳಸುವ ಪದ ಈ ವಾರ ಇಲ್ಲ' ಎಂದು ತಾನಾಗಿ ಒಂದು ಸಾಲು ಸೇರಿಸಿದಳು.

ಭಾನುವಾರ ಅದು ಅಚ್ಚಾದದ್ದೇ ತಡ, ಊರಿನ ದರ್ಜಿಗಳೆಲ್ಲ ಕತ್ತರಿ ಕೆಳಗಿಟ್ಟು ಪೆನ್ನು ಹಿಡಿದರು. ಬುಧವಾರದ ಹೊತ್ತಿಗೆ ಅರವತ್ಮೂರು ಕಾಗದ. ಒಬ್ಬರು ನಿಜವಾದ ಪಟ್ಟಿಯನ್ನೇ ಕತ್ತರಿಸಿ, ಗುಂಡಿ ಸಮೇತ, ಲಕೋಟೆಯಲ್ಲಿಟ್ಟು ಕಳಿಸಿದ್ದರು. ಇನ್ನೊಬ್ಬರು, "ಅಮ್ಮಾ, ತಮ್ಮ ಮನೆಯಲ್ಲಿ ಯಾರೂ ಅಂಗಿ ತೊಡುವುದಿಲ್ಲವೇ?" ಎಂದು ಕೇಳಿದ್ದರು. ಸಂಪಾದಕರು ಗಿಣಿಯನ್ನು ಕರೆಸಿ ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟರು. ಅವಳು ಆ ವರ್ಷವೇ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆಯಾಗಿದ್ದಳು.

"ಹೇಗಾಯ್ತು ಇದು?"

"ಮನೆಯಲ್ಲಿ ಪದ ಎಣಿಸೋಕೆ ಒಬ್ಬಾಕೆ ಸಹಾಯ ಮಾಡ್ತಾರೆ ಸರ್. ಅವರ ಕಣ್ತಪ್ಪು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದು ಆ ಕೋಣೆಯಲ್ಲೇ ಉಳಿಯುತ್ತದೆ ಎಂದುಕೊಂಡಿದ್ದಳು. ಮುಂದಿನ ಭಾನುವಾರ ಪದಬಂಧದ ಕೆಳಗೆ ಸಣ್ಣ ಅಕ್ಷರದಲ್ಲಿ ಬಂತು: 'ಕಳೆದ ವಾರದ ತಪ್ಪು ಅಂಕಣಕಾರರ ಸಹಾಯಕಿಯ ಕಣ್ತಪ್ಪಿನಿಂದ ಆದದ್ದು. ವಿಷಾದಿಸುತ್ತೇವೆ.' ಹತ್ತು ವರ್ಷ ಪದ ಹುಡುಕಿದ ಅತ್ತಿಗೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಅದೊಂದೇ ಸಲ.

ಅದಾದ ಗುರುವಾರ ಗಿಣಿ ಏನೂ ಆಗಿಲ್ಲವೆಂಬಂತೆ ಅಕ್ಷರದ ಚೀಟಿ ಮುಂದಿಟ್ಟಳು. ಅತ್ತಿಗೆ ಕಿಟಕಿಯ ಬಳಿ ಹೊಲಿಯುತ್ತಿದ್ದರು.

"ನಂಗೆ ಕಣ್ಣು ಸರಿಯಾಗಿ ಕಾಣಲ್ಲ ಗಿಣಿ. ಇನ್ಮೇಲೆ ನೀನೇ ನೋಡ್ಕೋ," ಎಂದು ಮೆತ್ತಗೆ ಹೇಳಿ, ದಾರವನ್ನು ಮೊದಲ ಸಲಕ್ಕೇ ಸೂಜಿಗೆ ಪೋಣಿಸಿದರು.

ಆ ಸೂಜಿಯನ್ನು ಗಿಣಿ ನೋಡಿದಳು, ಚೀಟಿ ಮಡಿಸಿ ಎತ್ತಿಕೊಂಡಳು. ಅಂದಿನಿಂದ ಪತ್ರಿಕೆಯಲ್ಲಿ 'ಒಟ್ಟು ಪದಗಳು ಇಪ್ಪತ್ತು, ಅಥವಾ ಹೆಚ್ಚು' ಎಂದು ಬರತೊಡಗಿತು. ವರ್ಷದ ಮೇಲೆ ಅವಳು ಕಾಲೇಜಿಗೆ ಹತ್ತಿರ ಎಂಬ ನೆವದಲ್ಲಿ ಬೇರೆ ಮನೆ ಮಾಡಿದಳು. ಅತ್ತಿಗೆ ಮುನಿಸು ತೋರಿಸಿದವರಲ್ಲ. ಹೋದಾಗಲೆಲ್ಲ ಕೂರಿಸಿ, ಮಾತಾಡಿಸಿ, ಕೆಮ್ಮಿದರೆ ಬಿಸಿನೀರು ಕೊಡುವರು. ಅಕ್ಷರದ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಅಣ್ಣ ತೀರಿಕೊಂಡು ಆರು ವರ್ಷವಾಯಿತು. ಆಗಲೂ ಎತ್ತಲಿಲ್ಲ.

ಈಗ ಪತ್ರಿಕೆ ಪದಬಂಧವನ್ನು ನಿಲ್ಲಿಸುತ್ತಿದೆ. ಹೊಸ ಸಂಪಾದಕಿ, ಗಿಣಿಯ ಕೈಯಲ್ಲೇ ಓದಿದ ಹುಡುಗಿ, "ಬೀಳ್ಕೊಡುಗೆಗೆ ಆರು ಸಾಲು ಬರೆದುಕೊಡಿ ಮೇಡಂ" ಎಂದಿದ್ದಳು.

ಅತ್ತಿಗೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಎಪ್ಪತ್ತೆಂಟರ ಕಣ್ಣಿಗೆ ಈಗ ನಿಜವಾಗಿಯೂ ಕನ್ನಡಕ ಬೇಕಿತ್ತು. ಹತ್ತು ವರ್ಷ ಸಂಖ್ಯೆ ಸರಿಯಿದ್ದದ್ದು ನನ್ನ ಅತ್ತಿಗೆಯಿಂದ, ಅವರು ಹೇಳಿದ ಪದವನ್ನು ಹೊಡೆದುಹಾಕಿದವಳು ನಾನು, ತಪ್ಪನ್ನು ಅವರ ತಲೆಗೆ ಕಟ್ಟಿದವಳೂ ನಾನು ಎಂದೆಲ್ಲ ಇತ್ತು. ಓದಿ ಮುಗಿಸಿ, ಮತ್ತೆ ಮೊದಲಿಂದ ಓದಿದರು.

"ಅವತ್ತು ನಿಮ್ಮಣ್ಣ ಪೇಪರು ಹಿಡ್ಕೊಂಡು, 'ಯಾರೇ ಇದು ಸಹಾಯಕಿ?' ಅಂದ್ರು."

ಇದನ್ನು ಗಿಣಿ ಎಂದೂ ಕೇಳಿರಲಿಲ್ಲ. "ನೀವೇನಂದ್ರಿ?"

"ಆಫೀಸಲ್ಲಿ ಯಾರೋ ಹುಡುಗಿ ಇರಬೇಕು ಅಂದೆ. ಅವರ ಕೋಪ ನಿಂಗೊತ್ತಲ್ಲ. ನಿಮ್ಮಿಬ್ಬರ ಮಾತು ನಿಂತುಹೋಗ್ತಿತ್ತು."

"ಅಣ್ಣನಿಗೆ ಕೊನೆವರೆಗೂ..."

"ಇಲ್ಲ. ಗೊತ್ತಿಲ್ದೇನೇ ಹೋದ್ರು."

ಕೆಳಗೆ ಲಾಂಡ್ರಿಯ ಯಂತ್ರ ಗಡಗಡ ತಿರುಗಿ ನಿಂತಿತು. ಗಿಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

"ನಾನು ಆವತ್ತೇ ಬಂದು ಹೇಳಬೇಕಿತ್ತು, ಅತ್ತಿಗೆ."

"ಕಾದೆ ಕಣೇ. ಊಟ ಆದ್ಮೇಲೆ ಹೇಳ್ತಾಳೆ ಅಂದ್ಕೊಂಡೆ. ಆಮೇಲೆ ಮುಂದಿನ ಭಾನುವಾರ ಅಂದ್ಕೊಂಡೆ. ನೀನು ಬೇರೆ ಮನೆಗೆ ಸಾಮಾನು ಕಟ್ಟುವಾಗ ಈಗ ಹೇಳ್ತಾಳೆ ಅಂತ ಪಾತ್ರೆ ಸುತ್ತಿಕೊಡ್ತಾ ಪಕ್ಕದಲ್ಲೇ ಕೂತಿದ್ದೆ. ನೀನು ಸೌಟು ಸಿಗ್ತಿಲ್ಲ ಅಂತ ಹುಡುಕ್ತಿದ್ದೆ." ಅತ್ತಿಗೆ ನಕ್ಕರು. ನಗು ಬೇಗ ಮುಗಿಯಿತು. "ಆಮೇಲೆ ಬಿಟ್ಟೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಹಂಗೆ."

"ಇದು ಅಚ್ಚಾಗೋದು ಬೇಡ್ವಾ?"

"ನಿಂಗೆ ಬೇಕಿದ್ರೆ ಹಾಕಿಸ್ಕೋ. ನನಗೋಸ್ಕರ ಅಂತ ಬೇಡ." ಹಾಳೆಯನ್ನು ತೊಡೆಯ ಮೇಲೆ ಇಟ್ಟು, ಬಟ್ಟೆಗೆ ಗುರುತು ಹಾಕುವ ಪೆನ್ಸಿಲನ್ನು ಗಿಣಿಯ ಕಡೆ ಚಾಚಿದರು. "ಆದ್ರೆ ಈ ಕೊನೇ ಸಾಲು ತೆಗಿ."

ಕೊನೆಯ ಸಾಲನ್ನು ಗಿಣಿ ತುಂಬ ಅಕ್ಕರೆಯಿಂದ ಬರೆದಿದ್ದಳು. 'ದೊಡ್ಡ ಮನಸ್ಸಿನ ಅವರು ನನ್ನನ್ನು ಎಂದೋ ಕ್ಷಮಿಸಿದ್ದಾರೆ.'

"ಹಂಗಂತ ನಾನು ಯಾವತ್ತೂ ಹೇಳಿಲ್ಲ. ನೀನು ಕೇಳೂ ಇಲ್ಲ," ಎಂದರು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಿಯ ತೋಳು ಒಂದಿಂಚು ಉದ್ದವಾಯಿತು ಎಂದು ಹೇಳುವಾಗಿನ ದನಿ.

ಈಗ ಗಿಣಿ ಕ್ಷಮೆ ಕೇಳಿದರೆ ಅತ್ತಿಗೆ ಇಲ್ಲ ಎನ್ನುವವರಲ್ಲ. ಹೂಂ ಎಂದುಬಿಡುತ್ತಾರೆ, ಅವಳ ಮುಖ ನೋಡಿ. ಹಾಗೆ ಕಿತ್ತುಕೊಳ್ಳುವುದಕ್ಕೆ ಅವಳಿಗೆ ಮನಸ್ಸಾಗಲಿಲ್ಲ. ಪೆನ್ಸಿಲು ತೆಗೆದುಕೊಂಡು ಆ ಸಾಲನ್ನು ಹೊಡೆದಳು. ಅತ್ತಿಗೆ ಎದ್ದು ಅಡುಗೆಮನೆಗೆ ಹೋದರು.

ಗಿಣಿ ಫೋನು ಮಾಡಿ ಉಳಿದ ಐದು ಸಾಲುಗಳನ್ನು ಸಂಪಾದಕಿಗೆ ಓದಿ ಹೇಳಿದಳು.

"ಮೇಡಂ, ಇನ್ನೊಂದು ಸಾಲು ಬೇಕಿತ್ತು. ಅರ್ಧಕ್ಕೆ ನಿಂತ ಹಾಗಿದೆ."

"ಇಲ್ಲಮ್ಮಾ, ಅಷ್ಟೇ ಇರೋದು. ಹಾಗೇ ಹಾಕು."

"ಆ ಅತ್ತಿಗೆ ಈಗ..."

"ಇದ್ದಾರೆ. ಒಳಗಿದ್ದಾರೆ."

ಫೋನನ್ನು ಚೀಲಕ್ಕೆ ಹಾಕಿ, ಹೊರಡೋಣವೆಂದು ಬಾಗಿಲ ಬಳಿ ಚಪ್ಪಲಿ ಮೆಟ್ಟಿದಳು. ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ, ಏಳಲು ತಡಮಾಡಿದಳು. ತಲೆಯೆತ್ತಿದಾಗ ಅತ್ತಿಗೆ ಎದುರಿಗೆ ನಿಂತಿದ್ದರು. ಕೈಯಲ್ಲಿ ಹಬೆಯಾಡುವ ಊಟದ ತಟ್ಟೆ. ತಟ್ಟೆ ಸುಡದಿರಲೆಂದು ಅದರ ಕೆಳಗೆ ಬಟ್ಟೆಯೊಂದನ್ನು ಮಡಿಸಿಟ್ಟು, ಗಿಣಿಯ ಎರಡೂ ಕೈಗೆ ಕೊಟ್ಟರು.