ತಾಜಬಿಯ ಹೆಬ್ಬೆರಳ ಉಗುರು

ಹಾವೇರಿಯಿಂದ ದಿನಾ ರೈಲಿನಲ್ಲಿ ಬಂದು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳುವ ಜ್ಯೋತಿಲಕ್ಷ್ಮಿಯ ಕ್ಲಾಸಿನಲ್ಲಿ ಫ್ಯಾನೊಂದೇ ಬಾಯಿ ಬಿಡುತ್ತಿತ್ತು. ಹುಬ್ಬಳ್ಳಿಯ ತರಬೇತಿಯಲ್ಲಿ ಕಲಿತು ಬಂದಂತೆ ಆಕೆ "ಗುಂಪು ಮಾಡಿಕೊಂಡು ಚರ್ಚೆ ಮಾಡ್ರಿ" ಎಂದಳು. ಗುಂಪುಗಳೇನೋ ಆದವು, ಎದುರುಬದುರು ಕೂತವರು ಒಬ್ಬರ ಮುಖ ಒಬ್ಬರು ನೋಡಿದರು.

ಪ್ರಿನ್ಸಿಪಾಲ್ ಹಾಲಸಿದ್ದಪ್ಪನವರು ಕಿಟಕಿಯಲ್ಲಿ ಇಣುಕಿದರು. "ಏನ್ರಿ ಮೇಡಂ, ಕ್ಲಾಸೋ, ಕನ್ಯಾ ನೋಡೋ ಕಾರ್ಯಕ್ರಮೋ? ಶುಕ್ರವಾರ ಬರ್ತೇನಿ. ಆವತ್ತೂ ಹುಡುಗರು ಬಾಯಿ ಬಿಡಲಿಲ್ಲಂದ್ರ ಮುಂದಿನ ತಿಂಗಳಿಂದ ಈ ಕ್ಲಾಸು ಬ್ಯಾರೇದವರಿಗೆ."

ಶುಕ್ರವಾರ ಆಕೆ ಹಲಗೇರಿ ಕಡೆಯ ಹೊಲದಿಂದ ಒಂದು ಬುಟ್ಟಿ ಹತ್ತಿಯ ಮೊಗ್ಗು ತರಿಸಿದಳು. ಪಾಠ, ತಳಿ ಸಂಕರಣ. ಮೊಗ್ಗಿನ ಗಂಡುಭಾಗ ತೆಗೆದು ಹೆಣ್ಣುಭಾಗ ಉಳಿಸಬೇಕು. ಪುಸ್ತಕದಲ್ಲಿದ್ದಂತೆಯೇ ಬ್ಲೇಡು ಹಿಡಿದಳು. ಬ್ಲೇಡು ಜಾರಿ ಮೊಗ್ಗು ನಡುವೆಯೇ ತುಂಡಾಯಿತು. ಎರಡನೆಯ ಮೊಗ್ಗಿನದೂ ಅದೇ ಗತಿ.

ಕೊನೆಯ ಬೆಂಚಿನಲ್ಲಿ ಕಿಸಕ್ಕನೆ ನಗು. ದಿನಾ ತೂಕಡಿಸುವ ತಾಜಬಿ! ಬಲಗೈ ಹೆಬ್ಬೆರಳಿಗೆ ಮಾತ್ರ ಉಗುರು ಬಿಟ್ಟ ಹುಡುಗಿ. "ಏನಿದು ಫ್ಯಾಷನ್ನು" ಎಂದು ಹೋದ ವಾರವಷ್ಟೇ ಜ್ಯೋತಿಲಕ್ಷ್ಮಿಯಿಂದ ಬೈಸಿಕೊಂಡಿದ್ದಳು.

"ಯಾಕ ನಗ್ತೀ?"

"ತಪ್ಪು ತಿಳೀಬ್ಯಾಡ್ರಿ ಮೇಡಂ. ಗಂಡು ಹೆಣ್ಣು ಎರಡೂ ಒಮ್ಮೆಲೇ ಹೋದುವು. ಇನ್ನ ಕಾಯಿ ಎಲ್ಲಿಂದ ಬರಬೇಕ್ರಿ?"

"ನಿನಗ ಬರ್ತೈತೇನು?"

"ಕ್ರಾಸಿಂಗ್ ಕೆಲಸ ಅಲ್ಲೇನ್ರಿ? ಬೀಜದ ಕಂಪನಿಯವರ ಪ್ಲಾಟಿನ್ಯಾಗ ದಿನಾ ಸಂಜೀಕ ಇದನ್ನ ಮಾಡ್ತೇವಿ, ಮುಂಜಾನೆದ್ದು ಗಂಡುಹೂವಿನ ಪುಡಿ ಹಚ್ಚತೇವಿ."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀವು ಬೋರ್ಡಿನ ಮ್ಯಾಲೆ ಇಂಗ್ಲಿಷಿನ್ಯಾಗ ಬರದಿದ್ರಿ. ಅದು ನಮ್ಮ ಕೂಲಿ ಕೆಲಸ ಅಂತ ನಮಗೇನು ಗೊತ್ತು?"

ಜ್ಯೋತಿಲಕ್ಷ್ಮಿ ಬ್ಲೇಡು ಕೆಳಗಿಟ್ಟು ಬೆಂಚಿನಲ್ಲಿ ಕೂತಳು. ತಾಜಬಿ ಮೊಗ್ಗಿನ ಬುಡಕ್ಕೆ ಉಗುರೂರಿ ಒಂದು ಸುತ್ತು ತಿರುವಿದಳು. ಎಸಳು, ಕೇಸರ ಎಲ್ಲ ಟೋಪಿಯಂತೆ ಕಳಚಿ ಬಂದವು. ನಡುವಿನ ಹೆಣ್ಣುಭಾಗ ಒಂದು ಗೀರೂ ಇಲ್ಲದೆ ನಿಂತಿತ್ತು.

"ಇನ್ನೂ ಕೆಳಗ ಹಿಡೀಬೇಕವಾ!"

"ಸುಮ್ಮನಿರಲೇ, ಕಾಯಿಗೆ ಪೆಟ್ಟು ಬೀಳ್ತೈತಿ!"

"ನಮ್ಮವ್ವ ಹಿಂಗ ಮಾಡಂಗಿಲ್ಲ!"

ಅರ್ಧ ಕ್ಲಾಸಿಗೆ ಈ ಕೆಲಸ ಬರುತ್ತಿತ್ತು. ಗದ್ದಲದಲ್ಲಿ ಪ್ರಿನ್ಸಿಪಾಲರು ಬಂದು ನಿಂತದ್ದನ್ನು ಯಾರೂ ನೋಡಲಿಲ್ಲ.

"ಮೇಡಂ ಎಲ್ಲಿ?"

"ಅಲ್ಲಿ ಕಲ್ಯಾಕತ್ತಾರ್ರಿ" ಎಂದ ತಾಜಬಿ ಅವರ ಕೈಗೂ ಒಂದು ಮೊಗ್ಗು ಕೊಟ್ಟಳು. "ಕುಂದರ್ರಿ ಸರ್, ಬೆಳಕಿಗೆ ಅಡ್ಡ ಆಗೀರಿ."

ಪ್ರಿನ್ಸಿಪಾಲರು ಕೂತರು. ತಿರುವಿದರು. ಮೊಗ್ಗು ಎರಡು ಹೋಳಾಯಿತು.

"ಹೋತ್ರಿ ಸರ್!" ಇಡೀ ಕ್ಲಾಸು ಒಂದೇ ಬಾಯಲ್ಲಿ ಕೂಗಿತು.

ಹಾಲಸಿದ್ದಪ್ಪನವರು ತಮ್ಮ ಮೊಂಡು ಉಗುರು ನೋಡಿಕೊಂಡರು, ಆಮೇಲೆ ಜ್ಯೋತಿಲಕ್ಷ್ಮಿಯ ಕಡೆ ತಿರುಗಿದರು. "ಬಾಯಿ ಬಿಡಸ್ರಿ ಅಂದ್ರ, ಇವರ ಬಾಯಿ ಮುಚ್ಚಸೋದ ಕಷ್ಟ ಮಾಡಿಟ್ರಲ್ಲ! ಮುಂದಿನ ತಿಂಗಳೂ ಈ ಕ್ಲಾಸು ನೀವ ತಗೋರಿ."

ಮತ್ತೆ ತಾಜಬಿಯತ್ತ ಕೈ ಚಾಚಿದರು. "ಇನ್ನೊಂದು ಮೊಗ್ಗು ಕೊಡವಾ."