ಗುರುತಿಲ್ಲದ ಟೀಚರ್

“ಮುಚ್ಚಿದ ಕಣ್ಣಿಗೆ ಕನ್ನಡಕ ಯಾಕೋ?” ಎಂದು ಅಕ್ಕ ಕೇಳುವಷ್ಟರಲ್ಲಿ ಕನ್ನಡಕದಂಗಡಿಯವರು ಹೆಂಡತಿಯ ಕಿವಿಗಳ ಹಿಂದೆ ಎರಡೂ ಕಡ್ಡಿ ಕೂರಿಸಿ ಆಗಿತ್ತು. ಎಡಗಡೆ ಒಂದಿಷ್ಟು ಇಳಿದಂತೆ ಕಂಡಿತು. ತೆಗೆದು, ಹೆಬ್ಬೆರಳಲ್ಲಿ ಕಡ್ಡಿಯನ್ನು ತುಸು ಬಾಗಿಸಿ, ಮತ್ತೆ ಹಾಕಿದರು. ಬದುಕೆಲ್ಲ ಊರಿನವರ ಮೂಗಿನ ಮೇಲೆ ಕನ್ನಡಕ ಕೂರಿಸಿದ ಕೈ ಅದು.

“ಇದಿಲ್ಲದಿದ್ರೆ ಅವಳ ಥರಾನೇ ಕಾಣಲ್ಲ ಅಕ್ಕ.”

ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡರು. ಸೋಫಾವನ್ನು ಗೋಡೆಗೆ ಸರಿಸಿ ನಡುಮನೆಯಲ್ಲಿ ಜಾಗ ಮಾಡಿದ್ದರು. ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದು ಮಧ್ಯಾಹ್ನಕ್ಕೆ.

ಹೆಂಡತಿ ಟೀಚರಾಗಿದ್ದ ಶಾಲೆಯ ಹೆಡ್‌ಮಾಸ್ಟರ್ ಮೆಲ್ಲಗೆ ಒಳಗೆ ಬಂದರು. “ಒಂದು ವಿಷಯ ಇತ್ತು. ಏಳನೇ ಕ್ಲಾಸಿನ ಮಕ್ಕಳು ಗೇಟಿನ ಹತ್ರ ನಿಂತಿದ್ದಾರೆ. ರಜೆ ಕೊಟ್ಟಿದ್ದೀನಿ, ಮನೆಗೆ ಹೋಗ್ರೋ ಅಂದೆ. ಒಬ್ರೂ ಜಪ್ಪಯ್ಯ ಅಂತಿಲ್ಲ.”

“ಅಯ್ಯೋ, ಒಳಗೆ ಬೇಡಪ್ಪ!” ಎಂದರು ಅಕ್ಕ. “ಎಳೇ ಮಕ್ಕಳು. ಹೆದರ್ಕೊಂಡ್ರೆ ಯಾರು ಸಮಾಧಾನ ಮಾಡ್ತಾರೆ?”

“ನಂದೂ ಅದೇ ಅಭಿಪ್ರಾಯ. ಆದ್ರೂ ನೀವೊಂದು ಮಾತು ಹೇಳಿ,” ಎಂದು ಹೆಡ್‌ಮಾಸ್ಟರ್ ಇವರ ಕಡೆ ತಿರುಗಿದರು.

ಕನ್ನಡಕದಂಗಡಿಯವರಿಗೆ ಇದೊಂದು ಗೊತ್ತಿಲ್ಲದ ಕೆಲಸ. ಈ ಮನೆಯಲ್ಲಿ ತೀರ್ಮಾನ ಮಾಡುತ್ತಿದ್ದದ್ದು ಟೀಚರ್, ಹೂಂ ಅನ್ನುತ್ತಿದ್ದದ್ದು ಇವರು. ಈಗಲೂ ಹೂಂ ಅನ್ನಲೆಂದೇ ಬಾಯಿ ತೆರೆದರು. ಬಂದ ಮಾತೇ ಬೇರೆ. “ಒಂದ್ನಿಮಿಷ ಇರಿ,” ಎಂದು ಅಡುಗೆಮನೆಗೆ ಹೋಗಿ ನಿಂತರು.

*

ಏಳನೇ ತರಗತಿಯವರೆಗೆ ಎಲ್ಲ ಪಾಠಕ್ಕೂ ಒಬ್ಬರೇ ಟೀಚರ್. ಹೈಸ್ಕೂಲಿನಲ್ಲಿ ಬೆಲ್ಲಿಗೊಬ್ಬರು. ಇಲ್ಲಿ ಹುಲಿಯಂತಿದ್ದ ಮಕ್ಕಳು ಅಲ್ಲಿಗೆ ಹೋಗಿ ಮುದುರಿ ಕೂರುವುದು ಟೀಚರಿಗೆ ಸಹಿಸಲಾಗುತ್ತಿರಲಿಲ್ಲ.

“ದಡ್ಡರಲ್ಲ ಕಣ್ರೀ ಅವು,” ಎನ್ನುತ್ತಿದ್ದರು. “ಇಲ್ಲಿ ನಾನು ಮುಖ ನೋಡಿದ್ರೆ ಸಾಕು, ಯಾರಿಗೆ ಹೊಟ್ಟೆನೋವು, ಯಾರಿಗೆ ಅರ್ಥ ಆಗಿಲ್ಲ, ಎಲ್ಲ ಗೊತ್ತಾಗುತ್ತೆ. ಅಲ್ಲಿ ಯಾರಿಗಿದೆ ಇವುಗಳ ಗುರುತು? ಬಾಯಿ ಬಿಟ್ಟು ಹೇಳೋದನ್ನೇ ನಾನು ಕಲಿಸಿಲ್ಲ.”

ಹೀಗೆ ಶುರುವಾದದ್ದು ಹೈಸ್ಕೂಲ್ ವಾರ ಎಂಬ ನಾಟಕ. ವರ್ಷದ ಕೊನೆಗೆ ಗಂಡನ ಅಂಗಡಿಯಿಂದ ಯಾರಿಗೂ ಬೇಡವಾದ ಹಳೆಯ ಫ್ರೇಮುಗಳನ್ನು ಹೊತ್ತೊಯ್ಯುವರು. ಬೆಲ್ ಹೊಡೆದಾಗಲೆಲ್ಲ ಒಂದು ಬಾಗಿಲಿಂದ ಹೋಗಿ ಇನ್ನೊಂದು ಬಾಗಿಲಿಂದ ಬೇರೆ ಕನ್ನಡಕ, ಬೇರೆ ಸಿಡುಕು ಹೊತ್ತು ಬರುವರು. ದಪ್ಪ ಕಪ್ಪು ಫ್ರೇಮಿನ ಲೆಕ್ಕದ ಮೇಷ್ಟ್ರು ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವವರಲ್ಲ. ದುಂಡು ಫ್ರೇಮಿನ ಮೇಡಂ ಉಸಿರು ಬಿಡದೆ ನೋಟ್ಸ್ ಹೇಳುವವರು. ಒಬ್ಬರು ಕೊಟ್ಟ ಮನೆಗೆಲಸ ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ.

ಕೊನೆಯ ದಿನ ಬರುವವರು ಗುರುತಿಲ್ಲದ ಟೀಚರ್: ಮಕ್ಕಳ ಪರಿಚಯವಿಲ್ಲ, ನಗುವೂ ಇಲ್ಲ. ಒಂದೊಂದು ಮಗುವೂ ಅವರ ಮುಂದೆ ನೆಟ್ಟಗೆ ನಿಂತು, ಮುಖ ನೋಡಿ, ಹೆಸರು ಹೇಳಿ, ತನ್ನ ಬಗ್ಗೆ ಅವರಿಗೆ ತಿಳಿದಿರಬೇಕಾದ ಒಂದು ಮಾತು ಹೇಳಬೇಕು. ಟೀಚರ್ ಪ್ರತಿವರ್ಷ ಸೋಲುತ್ತಿದ್ದದ್ದು ಇಲ್ಲೇ. ಯಾವುದಾದರೊಂದು ತರಲೆ ಮುಖ ಸೊಟ್ಟ ಮಾಡಿದರೆ ಮುಗಿಯಿತು, ಕಿಸಕ್ಕನೆ ನಕ್ಕುಬಿಡುವರು.

ಮೊನ್ನೆ ಕನ್ನಡಿಯ ಮುಂದೆ ಮುಖ ಗಂಟಿಕ್ಕಿ ಅಭ್ಯಾಸ ಮಾಡುತ್ತಿದ್ದಾಗ ಗಂಡ ಹೇಳಿದ್ದರು: “ಬಿಡೇ, ಅದು ನಿನ್ನ ಮುಖಕ್ಕೆ ಬರಲ್ಲ.”

“ಈ ಸಲ ನಗಲ್ಲ, ನೋಡ್ತಿರಿ. ನಗೋ ಟೀಚರ್ ಮುಂದೆ ಕಲಿತು ಹೋದ್ರೆ ಅಲ್ಲಿ ಬಾಯೇ ಬರಲ್ಲ ಅವಕ್ಕೆ.”

ಇವತ್ತೇ ಆ ಕೊನೆಯ ದಿನ. ನಿನ್ನೆ ಬೆಳಗ್ಗೆ ಟೀಚರ್ ಹಾಸಿಗೆಯಿಂದ ಏಳಲಿಲ್ಲ.

*

“ಒಳಗೆ ಬರ್ಲಿ,” ಎಂದರು ಅಡುಗೆಮನೆಯಿಂದ ಬಂದ ಕನ್ನಡಕದಂಗಡಿಯವರು.

“ತಲೆ ಕೆಟ್ಟಿದೆಯೇನೋ ನಿನಗೆ?”

“ಅವಳ ಒಂದು ಪೀರಿಯಡ್ ಬಾಕಿ ಇದೆ ಅಕ್ಕ.” ಇಷ್ಟು ಗಟ್ಟಿಯಾಗಿ ತಾವು ಮಾತಾಡಿದ್ದು ಯಾವಾಗ ಎಂದು ಅವರಿಗೇ ನೆನಪಾಗಲಿಲ್ಲ.

ಮಕ್ಕಳು ಬಂದು ಗೋಡೆಗೆ ಅಂಟಿಕೊಂಡು ನಿಂತವು. ಎಲ್ಲರ ಕಣ್ಣೂ ನೆಲದ ಮೇಲೆ. ಒಬ್ಬ ಹುಡುಗಿ ಬಿಕ್ಕತೊಡಗಿದಳು. ಕರೆದು ತಪ್ಪು ಮಾಡಿದೆನೇ ಎಂದು ಕನ್ನಡಕದಂಗಡಿಯವರಿಗೆ ಅನ್ನಿಸಿತು. ಅಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ.

ಆಗ ಎರಡು ಜಡೆಯ ಹುಡುಗಿಯೊಬ್ಬಳು ಮುಂದೆ ಬಂದು, ಟೀಚರ್ ಮುಖದ ಮೇಲೆ ಬಾಗಿ, ಕೆನ್ನೆ ಊದಿಸಿ, ಕಣ್ಣು ಮೆಳ್ಳೆ ಮಾಡಿದಳು.

“ಏಯ್!” ಎಂದು ಹೆಡ್‌ಮಾಸ್ಟರ್ ಒಂದು ಹೆಜ್ಜೆ ಮುಂದಿಟ್ಟರು. ಕನ್ನಡಕದಂಗಡಿಯವರು ಅವರ ತೋಳು ಹಿಡಿದರು.

ಹುಡುಗಿ ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಕೆನ್ನೆಯ ಗಾಳಿ ಮೆಲ್ಲನೆ ಇಳಿಯಿತು.

“ನಗ್ಲಿಲ್ಲ ಅಂಕಲ್.”

“ಹೌದು ಪುಟ್ಟಿ. ಈ ಸಲ ನಗಲ್ಲ ಅಂದಿದ್ಲು.”

ಅವಳು ತೋಳಿನಿಂದ ಮೂಗೊರೆಸಿಕೊಂಡಳು. ನೆಟ್ಟಗೆ ನಿಂತು, ಟೀಚರ್ ಮುಖ ನೋಡಿ, ಹೆಸರು ಹೇಳಿದಳು. “ನಾನು ತುಂಬ ತರಲೆ ಮಾಡೋದು ಲೆಕ್ಕ ಅರ್ಥ ಆಗದೇ ಇದ್ದಾಗ,” ಎಂದಳು.

ಹೆಡ್‌ಮಾಸ್ಟರ್ ಹಿಂದಕ್ಕೆ ಸರಿದರು. ಅವಳ ಹಿಂದೆ ಇನ್ನೊಬ್ಬ ಬಂದು ನಿಂತ. ಯಾರೂ ಹೇಳದೆಯೇ ಸಾಲಾಯಿತು.

“ನನ್ನ ಎಡಗಿವಿ ಮಂದ. ಮುಂದಿನ ಬೆಂಚು ಬೇಕು.”

“ನಿಧಾನ ಬರೀತೀನಿ. ಆದ್ರೆ ಪೂರ್ತಿ ಬರೀತೀನಿ.”

“ಬೈದ್ರೆ ನಂಗೆ ಮರ್ತೋಗುತ್ತೆ ಟೀಚರ್. ಸಮಾಧಾನವಾಗಿ ಕೇಳಿದ್ರೆ ಹೇಳ್ತೀನಿ.”

ಬಿಕ್ಕುತ್ತಿದ್ದ ಹುಡುಗಿಯೂ ಹೇಳಿದಳು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಕನ್ನಡಕದಂಗಡಿಯವರಿಗೆ ದುಃಖದ ನಡುವೆಯೂ ಎಂಥದೋ ಹೆಮ್ಮೆ ಉಕ್ಕಿ ಬಂತು. ಲೇ, ಗೆದ್ದೆ ಕಣೇ ನೀನು, ಎಂದುಕೊಂಡರು.

ಹೊರಗೆ ಗಾಡಿ ಬಂದು ನಿಂತ ಸದ್ದು. ಹೆಡ್‌ಮಾಸ್ಟರ್ ಗಡಿಯಾರ ನೋಡಿದರು. ಸಾಲು ಕರಗಿ ಟೀಚರ್ ಮುಂದೆ ಜಾಗ ಖಾಲಿಯಾಯಿತು. ಕನ್ನಡಕದಂಗಡಿಯವರು ಹೋಗಿ ಅಲ್ಲಿ ನಿಂತರು. ತುಟಿ ಅಲುಗಿತು, ಮಾತು ಯಾರಿಗೂ ಕೇಳಲಿಲ್ಲ.

ಎರಡು ಜಡೆಯವಳು ಪಕ್ಕಕ್ಕೆ ಬಂದು ಅವರ ಅಂಗಿಯ ತೋಳು ಜಗ್ಗಿದಳು.

“ಜೋರಾಗಿ ಹೇಳಿ ಅಂಕಲ್. ಕೊನೇ ಬೆಂಚಿಗೂ ಕೇಳಿಸ್ಬೇಕು.”

ಅವರು ಹಿಂದೆ ಕಟ್ಟಿಕೊಂಡಿದ್ದ ಕೈಗಳನ್ನು ಬಿಡಿಸಿ ಪಕ್ಕಕ್ಕೆ ಇಳಿಬಿಟ್ಟು, ಹಿಮ್ಮಡಿ ಜೋಡಿಸಿ, ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡಿದರು.