ಷಡಕ್ಷರಿಯ ಕಾರು ತಳ್ಳುವವರು

ಷಡಕ್ಷರಿ ಎಂಬ ಹೆಸರಿನಲ್ಲಿ ಆರು ಅಕ್ಷರದ ಭರವಸೆ ಇದೆ, ಎಣಿಸಿದರೆ ಸಿಗುವುದು ನಾಲ್ಕೇ. ಆ ಹೆಸರಿನ ಮನುಷ್ಯನ ಬಾಯಿಂದ ಬರುತ್ತಿದ್ದದ್ದು ಅದಕ್ಕಿಂತಲೂ ಕಡಿಮೆ. ಕೊಪ್ಪದ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿ, ‘ನಾಳೆ ಬನ್ನಿ’ ಎಂಬ ಎರಡೇ ಮಾತಿನಲ್ಲಿ ಸರ್ವಿಸ್ ಮುಗಿಸಿದವನು. ನಿವೃತ್ತಿಯಾಗಿ ನರಸಿಂಹರಾಜಪುರದಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ ಆ ಎರಡು ಮಾತು ಹೇಳೋಣವೆಂದರೂ ಬಾಗಿಲಿಗೆ ಬರುವವರಿರಲಿಲ್ಲ.

ಮದುವೆ ಆಗಿರಲಿಲ್ಲ. ಮನೆ ಪಾಲಾದಾಗ ತೋಟ ಅಣ್ಣನಿಗೆ ಹೋಯಿತು, ಗದ್ದೆ ತಮ್ಮನಿಗೆ ಹೋಯಿತು, ಯಾರಿಗೂ ಬೇಡವಾಗಿದ್ದ ಕಾರು ಇವನಿಗೆ ಬಂತು. ಇಪ್ಪತ್ತಮೂರು ವರ್ಷ ಹಳೆಯ ಬಿಳಿ ಕಾರು. ಒಂದು ಕಾಲದಲ್ಲಿ ಅದರ ಐದು ಸೀಟಿನಲ್ಲಿ ಒಂಬತ್ತು ಜನ ಕೂತು ಬಾಳೆಹೊನ್ನೂರಿಗೆ ಹೋಗಿ ಬರುತ್ತಿದ್ದರು. ಈಗ ಐದು ಸೀಟಿಗೂ ಸೇರಿ ಒಬ್ಬನೇ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಾರು ‘ಟಿಕ್’ ಎಂದು ಸುಮ್ಮನಾಯಿತು. ಚಾರ್ಜ್ ಇಲ್ಲದ ಬ್ಯಾಟರಿ, ಚಾರ್ಜ್ ಒಪ್ಪಿಸಿ ಬಂದ ಗುಮಾಸ್ತ, ಎರಡೂ ಮುಖ ಮುಖ ನೋಡುತ್ತ ಕೂತವು. ಎದುರಿನ ಆಟೋ ಸ್ಟ್ಯಾಂಡಿನಿಂದ ಡ್ರೈವರ್ ಶ್ರೀಕಾಂತ ಎದ್ದು ಬಂದ. ಆರು ತಿಂಗಳಿಂದ ದಿನಾ ಕಣ್ಣೆದುರೇ ಇದ್ದರೂ ಅವನು ಮಾತಾಡಿಸಿದ್ದು ಅದೇ ಮೊದಲು.

“ಎಂತ ಆಯ್ತು ಸಾರ್?”

“ಸ್ಟಾರ್ಟ್ ಆಗ್ತಿಲ್ಲ.”

“ತಳ್ಳಣ ಬಿಡಿ, ಅದ್ಕೆಂತ. ಕೀಲಿ ಆನ್ ಮಾಡಿ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಒತ್ಕಳಿ. ನಾ ಹೇಳ್ದಾಗ ಬಿಡಿ.”

ಸ್ಟ್ಯಾಂಡಿನ ಇನ್ನಿಬ್ಬರು ಬಂದರು. ಪಕ್ಕದ ಟೈಲರ್ ಅಂಗಡಿಯ ದಾಕ್ಷಾಯಿಣಿ ಕೊರಳಿಗೆ ಟೇಪು ಹಾಕಿಕೊಂಡೇ ಹೊರಗೆ ಬಂದು ಮೇಲ್ವಿಚಾರಣೆ ವಹಿಸಿಕೊಂಡಳು. “ಶ್ರೀಕಾಂತ, ತಳ್ಳದು ಅಂದ್ರೆ ಕಾರಿಗೆ ಒರಗಿ ನಿದ್ದೆ ಹೊಡೆಯದಲ್ಲ.”

“ನೀವೂ ಒಂದು ಕೈ ಹಾಕಿ ಅಕ್ಕ.”

“ನಾನು ಬಾಯಿ ಹಾಕಿದೀನಲ್ಲ, ಸಾಕು.”

ಕಾರು ಕೆಮ್ಮಿ, ಗುಟುರು ಹಾಕಿ, ಹೊರಟಿತು. ಒಂದು ಸುತ್ತು ಹೊಡೆದು ಬಂದ ಷಡಕ್ಷರಿ ಎಲ್ಲರಿಗೂ ಟೀ ಹೇಳಿದ. ಟೀ ಮುಗಿಯುವಷ್ಟರಲ್ಲಿ ಕಾಡುಕೋಣದ ಕಾಟ, ಗುಂಡಿ ಬಿದ್ದ ರಸ್ತೆ, ದಾಕ್ಷಾಯಿಣಿಯ ಮಂಡಿನೋವು ಎಲ್ಲದರ ಮಾತು ಬಂತು. ನಿಮ್ಮೂರು ಯಾವುದು ಎಂದು ಇವನನ್ನೂ ಯಾರೋ ಕೇಳಿದರು.

ಎರಡು ದಿನ ಬಿಟ್ಟು ಮತ್ತೆ ‘ಟಿಕ್’. ಹೊಸ ಬ್ಯಾಟರಿ ಹಾಕಿಸಿದರೆ ಅದೂ ವಾರದೊಳಗೆ ಹಳೆಯದರ ಚಾಳಿ ಕಲಿಯಿತು. ವಾರಕ್ಕೆ ಮೂರು ಬೆಳಿಗ್ಗೆ ತಳ್ಳುವುದು, ಟೀ ಕುಡಿಯುವುದು ವಾಡಿಕೆಯಾಯಿತು. ಬದುಕಿಡೀ ತಳ್ಳಿಹಾಕುವವರನ್ನೇ ಕಂಡವನಿಗೆ ಕೊನೆಗೂ ತಳ್ಳಿಕೊಡುವವರು ಸಿಕ್ಕಿದ್ದರು. ಉಳಿದ ನಾಲ್ಕು ದಿನ ಅವನು ಆ ಮೂರನ್ನು ಕಾಯುತ್ತಿದ್ದ.

ಕರೆಂಟು ಕದಿಯುವ ಕಳ್ಳ ಯಾರೆಂದು ಷಡಕ್ಷರಿಗೆ ತಿಳಿದದ್ದು ಒಂದು ಸೋಮವಾರ. ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಗಲದ ವೀರಭದ್ರನ ಪಟ, ಅದರ ಮುಂದೆ ಕೆಂಪು ಗಾಜಿನ ಸಣ್ಣ ಬಲ್ಬು. ಹಿಂದೊಮ್ಮೆ ಆಯುಧಪೂಜೆಯ ದಿನ ಅವ್ವ, “ದೇವ್ರ ದೀಪ ನಿಮ್ಮ ಕೀಲಿಗೆ ಕಾಯಬಾರ್ದು” ಎಂದಿದ್ದಕ್ಕೆ ಅಣ್ಣ ಬ್ಯಾಟರಿಯಿಂದಲೇ ನೇರ ವೈರು ಎಳೆದಿದ್ದ. ಕೀಲಿ ತೆಗೆದರೂ ಆರದ ನಂದಾದೀಪ. ಆಗ ಕಾರು ದಿನವೂ ಓಡುತ್ತಿತ್ತು, ದೀಪ ಕುಡಿದದ್ದನ್ನು ಓಟ ತುಂಬಿಕೊಡುತ್ತಿತ್ತು. ಈಗ ಕಾರು ನಿಂತೇ ಇರುತ್ತದೆ, ದೀಪ ಉರಿಯುತ್ತಲೇ ಇರುತ್ತದೆ. ಪಟ ಒರೆಸುವಾಗ ಬಲ್ಬು ಬೆರಳಿಗೆ ಬಿಸಿ ತಾಗಿತು. ಕೀಲಿ ಜೇಬಿನಲ್ಲಿತ್ತು.

ಬಾನೆಟ್ ಎತ್ತಿ ವೈರಿಗೆ ಕೈ ಹಾಕಿದ. ಅಷ್ಟರಲ್ಲಿ ರಸ್ತೆಯಾಚೆಯಿಂದ ಶ್ರೀಕಾಂತ ಕೂಗಿದ. “ಸಾರ್, ಇವತ್ತು ತಳ್ಳದು ಇಲ್ವಾ?”

ಷಡಕ್ಷರಿ ಬಾನೆಟ್ ಮುಚ್ಚಿದ. “ಇದೆ ಇದೆ, ಬಾ.”

ದೇವರನ್ನು ಯಾರೂ ಅನುಮಾನಿಸುವುದಿಲ್ಲ ಎಂಬ ಧೈರ್ಯದಲ್ಲಿ ಮೂರು ವಾರ ಸಾಗಿತು. ನಾಲ್ಕನೆಯ ವಾರ ಶ್ರೀಕಾಂತ ತನ್ನ ಆಟೋದಲ್ಲಿ ಕೊಪ್ಪದ ಎಲೆಕ್ಟ್ರಿಷಿಯನ್ ವಿಘ್ನೇಶನನ್ನು ಕೂರಿಸಿಕೊಂಡೇ ಬಂದ. ಷಡಕ್ಷರಿಯ ಎದೆ ‘ಟಿಕ್’ ಎಂದಿತು. ಕಾರು ಸರಿಯಾದರೆ ತಳ್ಳುವುದಿಲ್ಲ, ತಳ್ಳದಿದ್ದರೆ ಟೀ ಇಲ್ಲ, ಟೀ ಇಲ್ಲದಿದ್ದರೆ ಈ ಊರಿನಲ್ಲಿ ತನ್ನ ಹೆಸರು ಹಿಡಿದು ಕರೆಯುವವರಿಲ್ಲ.

“ನಾಳೆ ನೋಡಿದ್ರಾಯ್ತು” ಎಂದ, ಹಳೆಯ ಅಭ್ಯಾಸದಂತೆ.

“ನಾಳೆ ನಾನು ಶೃಂಗೇರಿಗೆ ಹೋಗ್ಬೇಕು ಸಾರ್” ಎಂದು ವಿಘ್ನೇಶ ಬಾನೆಟ್ ಎತ್ತಿಯಾಗಿತ್ತು. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ನಡುವೆ ಒಂದು ಟೆಸ್ಟ್ ಲ್ಯಾಂಪ್ ಹಿಡಿದ. ಅದು ಮಂಕಾಗಿ ಹೊತ್ತಿತು. “ನೋಡಿ, ಎಲ್ಲ ಆಫ್ ಇದ್ರೂ ಎಲ್ಲೋ ಎಳೀತಿದೆ. ಒಂದೊಂದೇ ಫ್ಯೂಸ್ ತೆಗೀತೀನಿ. ಯಾವ್ದು ತೆಗ್ದಾಗ ಈ ಲೈಟು ಆರುತ್ತೋ, ಅವ್ನೇ ಕಳ್ಳ.”

ಹಾರ್ನಿನ ಫ್ಯೂಸ್ ಬಂತು. ವೈಪರಿನದು ಬಂತು. ಟೇಪ್‌ರೆಕಾರ್ಡರಿನದು ಬಂತು. ಲ್ಯಾಂಪು ಆರಲಿಲ್ಲ. ಒಂದೊಂದು ಫ್ಯೂಸ್ ಹೊರಬಂದಾಗಲೂ ಷಡಕ್ಷರಿ ಒಂದೊಂದು ಉಸಿರು ಬಿಟ್ಟ. ಕೊನೆಯದೂ ಬಂತು. ಲ್ಯಾಂಪು ಹಾಗೇ ಉರಿಯುತ್ತಿತ್ತು.

“ನಿಂಗೂ ಸಿಗ್ಲಿಲ್ಲ ಅನ್ನು ಮಾರಾಯ” ಎಂದ ಶ್ರೀಕಾಂತ.

“ಸುಮ್ನಿರು ಮಾರಾಯ. ನಿನ್ನ ಸೊಂಟ ಹಿಡ್ಕಂಡಿದೆ ಅಂತಲೇ ನಾ ಬಂದಿದ್ದು. ದಾಕ್ಷಾಯಿಣಿ ಅಕ್ಕ ಫೋನ್ ಮಾಡಿ ಬೈದ್ಲು, ದಿನಾ ಮುಲಾಮು ಹಚ್ಕಂಡು ತಳ್ತಾನೆ ಅಂತ.” ವಿಘ್ನೇಶ ಬಗ್ಗಿ ಬ್ಯಾಟರಿಯ ಇನ್ನೊಂದು ತುದಿ ನೋಡಿದ. ಕೇಬಲಿನ ಅಡಿಯಲ್ಲಿ ನೂಲಿನಂಥ ಕೆಂಪು ವೈರು ಸುತ್ತಿಕೊಂಡಿತ್ತು. ಎಳೆದ. ಲ್ಯಾಂಪು ಆರಿತು.

ವೈರಿನ ಜಾಡು ಹಿಡಿದು ವೀರಭದ್ರನವರೆಗೆ ಹೋಗಿ ಬಂದು, “ಇಷ್ಟ್ ದಿನ ಗೊತ್ತಾಗ್ಲಿಲ್ವಾ ಸಾರ್?” ಎಂದ.

ಷಡಕ್ಷರಿ ಶ್ರೀಕಾಂತನ ಸೊಂಟ ನೋಡುತ್ತಿದ್ದ. “ಇಲ್ಲ” ಎಂದ.

ವಿಘ್ನೇಶ ದೀಪವನ್ನು ಕೀಲಿಯ ಅಂಕೆಗೆ ತಂದು ಹೋದ. ಶ್ರೀಕಾಂತನಿಗೆ ಖುಷಿಯೋ ಖುಷಿ. “ಇನ್ನು ನಿಮ್ಗೆ ನಮ್ಮ ಹಂಗಿಲ್ಲ ಬಿಡಿ ಸಾರ್.”

ಎರಡು ದಿನ ಬಿಟ್ಟು ಕೀಲಿ ತಿರುಗಿಸಿದರೆ ಕಾರು ಅರ್ಧ ತಿರುವಿಗೇ ಎದ್ದಿತು. ಶ್ರೀಕಾಂತ ಕೂತಲ್ಲಿಂದಲೇ ಹೆಬ್ಬೆರಳು ಎತ್ತಿ ತೋರಿಸಿ ಮತ್ತೆ ಮೊಬೈಲಿಗೆ ಮುಖ ಹಾಕಿದ. ಷಡಕ್ಷರಿ ಬಾಳೆಹೊನ್ನೂರಿನವರೆಗೆ ಹೋಗಿ, ಅಲ್ಲಿ ಏನೂ ಕೆಲಸವಿಲ್ಲದೆ ತಿರುಗಿ ಬಂದ. ಮರುದಿನ, ಅದರ ಮರುದಿನವೂ ಹೀಗೇ. ಕಾರು ಎಷ್ಟು ಚೆನ್ನಾಗಿ ಓಡಿತೆಂದರೆ ನಡುವೆ ಯಾರನ್ನೂ ಮಾತಾಡಿಸುವ ಪ್ರಸಂಗವೇ ಬರಲಿಲ್ಲ.

ಶನಿವಾರ ಸಂಜೆ ಕಾರು ನಿಲ್ಲಿಸಿದವನು ಹೆಡ್‌ಲೈಟ್ ಆರಿಸದೆ ಇಳಿದ. ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿಯಾಗುತ್ತದೆ, ನಾಲ್ಕು ಜನ ಬರುತ್ತಾರೆ. ಗೇಟಿನವರೆಗೆ ನಡೆದ. ಬೆಳಿಗ್ಗೆ ಶ್ರೀಕಾಂತ ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದು ಕೈಯನ್ನು ಡಿಕ್ಕಿಗೆ ಒತ್ತುವುದು ಕಣ್ಣಿಗೆ ಕಟ್ಟಿತು. ವಾಪಸ್ ಬಂದು ಲೈಟು ಆರಿಸಿದ.

ಆಮೇಲೆ ಒಳಗೆ ಹೋಗುವ ಬದಲು ರಸ್ತೆ ದಾಟಿದ. ಸ್ಟ್ಯಾಂಡಿನಲ್ಲಿ ಆಟೋ ಒಂದೂ ಇರಲಿಲ್ಲ. ಟೈಲರ್ ಅಂಗಡಿಯ ಮುಂದಿನ ಬೆಂಚೂ ಖಾಲಿ. ದಾಕ್ಷಾಯಿಣಿ ಮಿಷನ್ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದಳು.

“ಎಂತ ಷಡಕ್ಷರಿಯವ್ರೆ, ಮತ್ತೆ ಕೆಡ್ತಾ?”

“ಇಲ್ಲ. ಚೆನ್ನಾಗಿದೆ.”

“ಬಟ್ಟೆ ಹೊಲಿಯಕ್ಕೆ ಇತ್ತಾ?”

“ಇಲ್ಲ.”

“ಮತ್ತೆ?”

ಷಡಕ್ಷರಿ ಒಂದು ಕಾರಣ ಹುಡುಕಿದ. ಜೇಬಿನಲ್ಲಿ ಕೀಲಿ ಬಿಟ್ಟರೆ ಏನೂ ಸಿಗಲಿಲ್ಲ.

“ಸುಮ್ನೆ ಬಂದೆ” ಎಂದ.

ಅವಳು ಅಳತೆ ತೆಗೆಯುವವಳಂತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಹಂಗಾರೆ ಕೂತ್ಕಳಿ” ಎಂದು ಮತ್ತೆ ಮಿಷನ್ ತುಳಿಯತೊಡಗಿದಳು. ಷಡಕ್ಷರಿ ಬೆಂಚಿನ ತುದಿಯಲ್ಲಿ, ಇನ್ನೂ ಮೂವರಿಗೆ ಜಾಗ ಬಿಟ್ಟು ಕೂತ.